ಒಂದೇ ದಂಡೆ, ಹನ್ನೆರಡು ಫೋಟೋ, ಇಪ್ಪತ್ತು ಪುಟ

ಉಡುಪಿ, ಮಂಗಳೂರಿನ ಕಡೆ ಇರುವವರಿಗೆ ಪ್ರಕೃತಿ ಎಲ್ಲಿದೆ ಎಂದು ಯಾರೂ ತೋರಿಸಿಕೊಡಬೇಕಾಗಿಲ್ಲ. ಹಿಂಬಾಗಿಲು ತೆರೆದರೆ ಹಲಸಿನ ಮರ, ಬಸ್ಸಿನ ಕಿಟಕಿಯಲ್ಲಿ ಹೊಳೆ, ಸ್ಕೂಟರಿನಲ್ಲಿ ಸ್ವಲ್ಪ ಹೊತ್ತು ಹೋದರೆ ಕಡಲು. ಆದರೂ ತಲೆ ಬಿಸಿಯಾದಾಗ ನಮಗೆ ಹೊಳೆಯುವುದು ಘಟ್ಟದ ಮೇಲಿನ ಹೋಮ್‌ಸ್ಟೇ. ಶನಿವಾರ ಚಾರ್ಮಾಡಿಯಲ್ಲಿ ವಾಹನಗಳ ಸಾಲಿನ ಹಿಂದೆ ಕುಳಿತಿರುವುದು, ಭಾನುವಾರ ಇಳಿಯುವಾಗ ಮತ್ತೆ ಅದೇ ಸಾಲು, ಸೋಮವಾರ ಆಫೀಸಿಗೆ ಹೋಗುವಾಗ ಹೊರಟ ದಿನಕ್ಕಿಂತ ಹೆಚ್ಚು ಸುಸ್ತು. ಫೋನಿನಲ್ಲಿ ಮುನ್ನೂರು ಫೋಟೋ. ಒಂದನ್ನೂ ಎರಡನೇ ಸಲ ನೋಡಿದ್ದಿಲ್ಲ.

ನಾನು ಲೆಕ್ಕಪತ್ರದ ಕೆಲಸದವನು. ಮೂರು ವರ್ಷದ ಹಿಂದೆ ಮಾರ್ಚ್ ಮುಗಿದರೂ ಮಾರ್ಚಿನ ತಲೆಬಿಸಿ ಮುಗಿಯಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರಾಗುವುದು, ಯಾವುದೋ ವೋಚರಿನ ಮೊತ್ತ ತಲೆಯೊಳಗೆ ಗಿರಕಿ ಹೊಡೆಯುವುದು. ಆಗ ಶುರುವಾದ ಕ್ರಮ ಇದು: ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು, ಅಲ್ಲಿ ಕೆಲವೇ ಫೋಟೋ ತೆಗೆಯುವುದು, ಆ ಫೋಟೋ ಎಬ್ಬಿಸಿದ ಪ್ರಶ್ನೆ ಹಿಡಿದು ಓದುವುದು, ಓದಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಅಲ್ಲಿಗೇ ಹೋಗುವುದು. ಸುತ್ತಾಟ, ಫೋಟೋ, ಓದು ಈ ಮೂರನ್ನೂ ಹಿಂದೆ ಬೇರೆ ಬೇರೆಯಾಗಿ ಹಿಡಿದು ನೋಡಿದ್ದೆ. ಯಾವುದೂ ಎರಡು ತಿಂಗಳು ದಾಟಿರಲಿಲ್ಲ. ಒಂದರ ಬಾಲವನ್ನು ಇನ್ನೊಂದಕ್ಕೆ ಕಟ್ಟಿದ ಮೇಲೆ ಮೂರೂ ನಿಂತವು.

ಶುರು ಮಾಡುವ ಮೊದಲು ಒಂದು ಮಾತು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂಬಂತಿದ್ದರೆ ಹೊಳೆದಂಡೆಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ. ನಾನೂ ಹೋಗಿದ್ದೆ. ಇಲ್ಲಿ ಹೇಳುವುದು ಔಷಧದ ಜೊತೆಗೂ ನಡೆಯುತ್ತದೆ, ಔಷಧದ ಬದಲಿಗೆ ಅಲ್ಲ.

ಹೆಜ್ಜೆ 1: ಜಾಗ ಗೊತ್ತುಮಾಡುವುದು

ಚಂದದ ಜಾಗ ಹುಡುಕಬೇಡಿ, ಹತ್ತಿರದ ಜಾಗ ಹುಡುಕಿ. ಕೆಲಸದ ದಿನವೂ ಹೋಗಿ ಬರಲು ಸಾಧ್ಯವಿರಬೇಕು. ಟಿಕೆಟ್, ಗೇಟು, ಮುಚ್ಚುವ ಸಮಯ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಕುಳಿತುಕೊಳ್ಳಲು ಒಂದು ಕಲ್ಲೋ ಕಟ್ಟೆಯೋ ಬೇಕು. ಮುಖ್ಯವಾಗಿ, ಅಲ್ಲಿ ದಿನದಿಂದ ದಿನಕ್ಕೆ ಏನಾದರೂ ಬದಲಾಗುತ್ತಿರಬೇಕು. ನೀರಿದ್ದರೆ ಸಾಕು, ಇಲ್ಲವೇ ಒಂದು ದೊಡ್ಡ ಗೋಳಿಮರ.

ಮಂಗಳೂರಿನವರಿಗೆ ಕದ್ರಿ ಗುಡ್ಡ ಇದೆ. ಗುರುಪುರ ನದಿಯ ಮಗ್ಗುಲಲ್ಲಿ ಸುಲ್ತಾನ್ ಬತ್ತೇರಿ ಇದೆ. ದೋಣಿ ಇದ್ದ ದಿನ ದಾಟಿದರೆ ಆಚೆ ತಣ್ಣೀರುಬಾವಿ. ಕೊಣಾಜೆ, ಬಜ್ಪೆ ಕಡೆಯವರಿಗೆ ಮುರಕಲ್ಲಿನ ಪದವುಗಳೇ, ಅಂದರೆ ಜಂಬಿಟ್ಟಿಗೆ ಗುಡ್ಡದ ಮೇಲಿನ ಬೋಳು ಬಯಲುಗಳೇ ಸಾಕು. ಪಿಲಿಕುಳ ಚೆನ್ನಾಗಿದೆ, ಆದರೆ ಅದು ಭಾನುವಾರದ ಜಾಗ, ದಿನನಿತ್ಯದ್ದಲ್ಲ. ಉಡುಪಿಯಲ್ಲಿ ಅಜ್ಜರಕಾಡಿನ ಭುಜಂಗ ಪಾರ್ಕ್, ಮಣಿಪಾಲದಲ್ಲಿ ಮಣ್ಣಪಳ್ಳ ಕೆರೆ, ಸ್ವರ್ಣಾ ನದಿಯ ಬಳುಕು ಕಾಣುವ ಎಂಡ್ ಪಾಯಿಂಟ್. ಕರಾವಳಿಯುದ್ದಕ್ಕೂ ಕಾಪು, ಪಡುಬಿದ್ರಿ, ಮಲ್ಪೆ. ಮಲ್ಪೆಗೆ ಭಾನುವಾರ ಸಂಜೆ ಮಾತ್ರ ಹೋಗಬೇಡಿ. ಅಲ್ಲಿ ಶಾಂತಿ ಸಿಕ್ಕಿತು ಎನ್ನುವವರು ಬಹುಶಃ ಪಾರ್ಕಿಂಗ್ ಸಿಕ್ಕಿದ್ದಕ್ಕೆ ಹಾಗೆ ಹೇಳುತ್ತಾರೆ.

ಇವೆಲ್ಲ ದೂರವಾದರೆ ನಿಮ್ಮ ವಠಾರದ ನಾಗಬನ ನೋಡಿ. ಕೊಡಲಿ ಬೀಳದ ಹಳೆ ಮರಗಳು, ಬಳ್ಳಿಗಳು ಊರ ನಡುವೆ ಉಳಿದಿರುವುದು ಹೆಚ್ಚಾಗಿ ಅಲ್ಲೇ. ಒಳಗೆ ಕಾಲಿಡಬೇಕಾಗಿಲ್ಲ, ಹೊರಗಿನ ಕಟ್ಟಪುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಕೂತರೂ ಹಕ್ಕಿಗಳ ಸದ್ದು ಕೇಳುತ್ತದೆ.

ನನ್ನ ಜಾಗ ಕೆಮ್ಮಣ್ಣು ತೂಗುಸೇತುವೆಯಿಂದ ಸ್ವಲ್ಪ ಆಚೆಗೆ, ಸ್ವರ್ಣಾ ನದಿಯ ದಂಡೆ. ಎದುರಿಗೆ ತೆಂಗಿನ ಮರಗಳ ಕುದ್ರು (ಹೊಳೆ ನಡುವಿನ ದ್ವೀಪ), ಈಚೆಗೆ ಕೆಸರು, ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಪೊದೆಗಳು. ಕುಳಿತುಕೊಳ್ಳಲು ಹಳೇ ದೋಣಿಕಟ್ಟೆಯ ಎರಡು ಮುರಕಲ್ಲು. ನದಿ ಇಲ್ಲಿಂದ ಕೋಡಿಬೆಂಗ್ರೆಯ ಕಡೆಗೆ ಹೋಗಿ ಸೀತಾ ನದಿಯೊಂದಿಗೆ ಕಡಲು ಸೇರುತ್ತದೆ. ಆದ್ದರಿಂದ ಇದು ಅರ್ಧ ಹೊಳೆ, ಅರ್ಧ ಕಡಲು. ಉಬ್ಬರದಲ್ಲಿ ನೀರು ಉಪ್ಪು, ಮಳೆಗಾಲದಲ್ಲಿ ಸಿಹಿ.

ಜಾಗ ಗೊತ್ತಾದ ಮೇಲೆ ಮೂರು ತಿಂಗಳು ಬದಲಾಯಿಸಬೇಡಿ. ಎರಡನೇ ವಾರಕ್ಕೆ ಬೇಜಾರು ಬಂದೇ ಬರುತ್ತದೆ. ಬರಲಿ.

ಹೆಜ್ಜೆ 2: ಏಡಿ ಹೊರಬರುವವರೆಗೆ

ಹೋದ ಕೂಡಲೇ ಫೋನ್ ಹೊರಗೆ ತೆಗೆಯಬೇಡಿ. ಮೊದಲು ಕುಳಿತುಕೊಳ್ಳಿ. ಎಷ್ಟು ಹೊತ್ತು ಎಂದು ಕೇಳಿದರೆ ನಾನು ಗಡಿಯಾರದ ಲೆಕ್ಕ ಹೇಳುವುದಿಲ್ಲ, ಏಡಿಯ ಲೆಕ್ಕ ಹೇಳುತ್ತೇನೆ.

ಇಳಿತದ ಹೊತ್ತಿಗೆ ಕೆಸರಿನ ತುಂಬ ಪುಟ್ಟ ಪುಟ್ಟ ತೂತುಗಳು. ನಾವು ಕಾಲಿಟ್ಟ ಕ್ಷಣ ಅಲ್ಲಿದ್ದ ಏಡಿಗಳೆಲ್ಲ ಮಾಯ. ಅಲುಗದೆ ಕುಳಿತರೆ ನಿಧಾನಕ್ಕೆ ಒಂದು ತೂತಿನ ಬಾಯಲ್ಲಿ ಎರಡು ಕಡ್ಡಿಕಣ್ಣು ಮೇಲೇಳುತ್ತವೆ. ಆಮೇಲೆ ಇನ್ನೊಂದು ತೂತಿನಲ್ಲಿ. ಕೊನೆಗೆ ಇಡೀ ಕೆಸರು ಚಲಿಸತೊಡಗುತ್ತದೆ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಚಿಮುಟದಷ್ಟು ಸಣ್ಣದು. ದೊಡ್ಡ ಕೊಂಡಿಯನ್ನು ಎತ್ತಿ ಎತ್ತಿ ಬೀಸುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಗೆಳೆಯನನ್ನು ಕರೆದ ಹಾಗೆ. ಅದು ಹೆಣ್ಣನ್ನು ಕರೆಯುವ ಬಗೆ. ಸಣ್ಣ ಕೊಂಡಿಯಿಂದ ಕೆಸರು ಗೋರಿ ಬಾಯಿಗಿಟ್ಟು, ಅದರೊಳಗಿನ ತಿನಿಸನ್ನು ಸೋಸಿಕೊಂಡು, ಉಳಿದದ್ದನ್ನು ಸಣ್ಣ ಉಂಡೆ ಮಾಡಿ ಉಗುಳುತ್ತದೆ. ಹೆಣ್ಣಿಗೆ ಎರಡೂ ಕೊಂಡಿ ಸಣ್ಣವು, ಅದು ಎರಡೂ ಕೈಯಲ್ಲಿ ಉಣ್ಣುತ್ತದೆ.

ನೀವು ಕಾಲು ಅಲ್ಲಾಡಿಸಿದಿರೋ ಎಲ್ಲ ಮತ್ತೆ ಒಳಗೆ. ಮೊದಲ ದಿನ ನನಗೆ ಮೂರು ಸಲ ಹಾಗಾಯಿತು. ಫೋನ್ ಒಮ್ಮೆ ಕಿಸೆಯಲ್ಲಿ ನಡುಗಿತು, ಒಮ್ಮೆ ಸೊಳ್ಳೆ, ಒಮ್ಮೆ ಸುಮ್ಮನೆ ಚಡಪಡಿಕೆ. ಈಗ ಏಡಿಗಳು ಐದಾರು ನಿಮಿಷದಲ್ಲಿ ಹೊರಬರುತ್ತವೆ. ಅವು ಬದಲಾಗಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕಡಲ ಬದಿಯಲ್ಲಾದರೆ ಮರಳಿನ ಏಡಿ ಇದೇ ಕೆಲಸ ಮಾಡುತ್ತದೆ. ಪಾರ್ಕಿನಲ್ಲಾದರೆ ಅಳಿಲು, ಕೆರೆಯಲ್ಲಾದರೆ ಮುಳುಗಿ ಏಳುವ ನೀರುಕಾಗೆ. ನಿಮ್ಮಿಂದ ಹೆದರಿ ದೂರವಾದ ಪ್ರಾಣಿ ಯಾವುದೆಂದು ಗುರುತಿಸಿಕೊಳ್ಳಿ. ಅದು ವಾಪಸ್ ಬಂದು ತನ್ನ ಕೆಲಸಕ್ಕೆ ತೊಡಗಿದ ಮೇಲೆ ನಿಮ್ಮ ಕೆಲಸ ಶುರುವಾಗಲಿ.

ಹೊಳೆ ಅಥವಾ ಕಡಲದಂಡೆ ಆರಿಸಿಕೊಂಡವರಿಗೆ ಉಬ್ಬರ-ಇಳಿತದ ಲೆಕ್ಕ ಗೊತ್ತಿರಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜೋರು. ಫೋನಿನಲ್ಲೇ ಮಂಗಳೂರು ಅಥವಾ ಮಲ್ಪೆಯ ವೇಳಾಪಟ್ಟಿ ಸಿಗುತ್ತದೆ. ಅದಕ್ಕಿಂತ ಭದ್ರ, ಮರುವಾಯಿ (ಚಿಪ್ಪುಮೀನು) ಹೆಕ್ಕಲು ಬರುವ ಹೆಂಗಸರನ್ನು ಕೇಳುವುದು. "ಅಕ್ಕ, ನಾಳೆ ನೀರು ಯಾವಾಗ ಇಳಿತದೆ?" ಎಂದರೆ ಕೈ ಕೆಲಸ ಬಿಡದೆ ಹೇಳುತ್ತಾರೆ. ಇಷ್ಟರವರೆಗೆ ತಪ್ಪಿದ್ದಿಲ್ಲ.

ಹೆಜ್ಜೆ 3: ಹನ್ನೆರಡೇ ಫೋಟೋ

ರೀಲಿನ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ. ಮದುವೆಗೆ ಎರಡು ರೀಲು ಎಂದರೆ ದೊಡ್ಡ ಸಂಗತಿ. ನಾನು ಅದನ್ನು ಇನ್ನೂ ಮೂರು ಭಾಗ ಮಾಡಿ, ಒಂದು ಸಲ ಹೋದರೆ 12 ಎಂದು ಇಟ್ಟುಕೊಂಡಿದ್ದೇನೆ. ಹನ್ನೆರಡು ಮುಗಿದ ಮೇಲೆ ಹುಲಿ ಬಂದರೂ ತೆಗೆಯುವುದಿಲ್ಲ. (ನೀರುನಾಯಿ ಒಮ್ಮೆ ಬಂದಿತ್ತು. ಹದಿಮೂರನೆಯದು ತೆಗೆದೆ. ಬಾಲ ಮಾತ್ರ ಬಂತು.)

ಮಿತಿ ಇದ್ದಾಗ ಕಣ್ಣು ಮೊದಲು ಕೆಲಸ ಮಾಡುತ್ತದೆ, ಬೆರಳು ಆಮೇಲೆ. ಸಲಕರಣೆ ಸದ್ಯಕ್ಕೆ ಫೋನ್ ಸಾಕು. ಅದರಲ್ಲಿ ಮಾಡಿಕೊಳ್ಳಬೇಕಾದದ್ದು ಇಷ್ಟು.

ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮನೆಯಲ್ಲಿ ವಯಸ್ಸಾದವರಿದ್ದು ಅದು ಸಾಧ್ಯವಿಲ್ಲದಿದ್ದರೆ ಕರೆ ಬಿಟ್ಟು ಉಳಿದ ಸದ್ದೆಲ್ಲ ಬಂದ್ ಮಾಡಿ. ಆಮೇಲೆ ಲೆನ್ಸ್ ಒರೆಸಿ. ನಮ್ಮಲ್ಲಿ ಹತ್ತಕ್ಕೆ ಎಂಟು ಫೋಟೋ ಮಸುಕಾಗಲು ಕಾರಣ ಕ್ಯಾಮೆರಾ ಅಲ್ಲ, ಬೆರಳಿನ ಎಣ್ಣೆ, ಕಡಲ ಗಾಳಿಯ ಉಪ್ಪು ಎಂಬುದು ನನ್ನ ಅಂದಾಜು. ಉಪ್ಪು ಕೂತಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೆದು ಹತ್ತಿ ಬಟ್ಟೆಯನ್ನು ಚೂರು ಒದ್ದೆ ಮಾಡಿ ಒರೆಸಿ, ಮತ್ತೆ ಒಣ ಬಟ್ಟೆ. ಹಳೇ ಪಂಚೆಯ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು.

ಪರದೆಯ ಮೇಲೆ ಚೌಕದ ಗೆರೆಗಳು ಬರುವಂತೆ ಸೆಟ್ಟಿಂಗ್ ಹಾಕಿಕೊಳ್ಳಿ. ಉಪಯೋಗ ಒಂದೇ: ಕಡಲಿನ ಗೆರೆ ನೆಟ್ಟಗೆ ಬರುತ್ತದೆ. ಓರೆಯಾದ ಕಡಲು ನೋಡಿದರೆ ನೀರೆಲ್ಲ ಕೇರಳಕ್ಕೆ ಹರಿದುಹೋಗುತ್ತಿರುವಂತೆ ಕಾಣುತ್ತದೆ.

ಇನ್ನು ಬೆಳಕು. ನಮಗೆ ಕಡಲು ಪಶ್ಚಿಮಕ್ಕೆ. ಸಂಜೆ ತೆಗೆದ ಫೋಟೋದಲ್ಲಿ ಆಕಾಶ ಬೆಳ್ಳಗೆ ಬೆಂದುಹೋಗುವುದು ಎಲ್ಲರ ಅನುಭವ. ಪರದೆಯಲ್ಲಿ ಆಕಾಶದ ಹೊಳಪಿನ ಭಾಗವನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ದೋಣಿ, ತೆಂಗು, ಮನುಷ್ಯರು ಕಪ್ಪು ನೆರಳಾಗುತ್ತಾರೆ, ಆಕಾಶದ ಬಣ್ಣ ಉಳಿಯುತ್ತದೆ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಚರುಮುರಿ ಗಾಡಿಯ ಕಡೆ ನಡೆಯುತ್ತಾರೆ. ಹೋಗಬೇಡಿ. ನಮ್ಮ ಅಕ್ಷಾಂಶದಲ್ಲಿ ಸಂಧ್ಯೆ ಗಿಡ್ಡ, 20 ನಿಮಿಷದ ಆಟ. ಒಳ್ಳೆಯ ಬಣ್ಣ ಹೆಚ್ಚಾಗಿ ಬರುವುದು ಆಗಲೇ.

ಸೂರ್ಯ ಮುಳುಗುವ ಬಿಂದುವೂ ವರ್ಷವಿಡೀ ಒಂದೇ ಅಲ್ಲ. ಡಿಸೆಂಬರ್ ಕೊನೆಗೆ ನೈರುತ್ಯದ ಕಡೆ ಸರಿದಿರುತ್ತದೆ, ಜೂನ್ ಕೊನೆಗೆ ವಾಯವ್ಯದ ಕಡೆ. ನಡುವಿನ ಅಂತರ ಸುಮಾರು 48 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿಯ ಆಸುಪಾಸು, ಅಂದರೆ ಹತ್ತಿರ ಹತ್ತಿರ ಐದು ಮುಷ್ಟಿ. ಒಂದೇ ಕಲ್ಲಿನ ಮೇಲೆ ಕುಳಿತು ತಿಂಗಳಿಗೊಂದು ಮುಳುಗುವ ಸೂರ್ಯನನ್ನು ತೆಗೆಯಿರಿ. ಜೂನ್, ಜುಲೈಯಲ್ಲಿ ಮೋಡ ಬಿಡುವುದಿಲ್ಲ, ಆ ಎರಡು ಖಾಲಿ ಇರಲಿ. ವರ್ಷದ ಕೊನೆಗೆ ಫೋಟೋಗಳನ್ನು ಸಾಲಾಗಿ ಇಟ್ಟರೆ ಸೂರ್ಯ ತೆಂಗಿನಿಂದ ತೆಂಗಿಗೆ ನಡೆದುಹೋಗಿರುವುದು ಕಾಣುತ್ತದೆ. ಶಾಲೆಯಲ್ಲಿ ಉತ್ತರಾಯಣ-ದಕ್ಷಿಣಾಯನ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ನಲವತ್ತಮೂರನೇ ವಯಸ್ಸಿನಲ್ಲಿ.

ಬಗ್ಗಿ, ಕುಕ್ಕರುಗಾಲಲ್ಲಿ ಕುಳಿತು ತೆಗೆಯಿರಿ. ಏಡಿಯನ್ನು ಏಡಿಯ ಎತ್ತರದಿಂದ ನೋಡಬೇಕು. ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಿದರೆ ಫೋಟೋ ಹಿಟ್ಟುಹಿಟ್ಟಾಗುತ್ತದೆ. ಹಕ್ಕಿ ದೂರದಲ್ಲಿದ್ದರೆ ಹಕ್ಕಿ ಸಣ್ಣದಾಗಿಯೇ ಇರಲಿ, ಅದು ಕೂತ ಹೊಳೆ, ಕಂಬ, ಬಲೆ ಎಲ್ಲ ಬರಲಿ.

ಹನ್ನೆರಡರಲ್ಲಿ ಒಂದನ್ನು ಮಾತ್ರ ಕಡ್ಡಾಯವಾಗಿ ಒಂದೇ ಕಡೆಯಿಂದ, ಒಂದೇ ಚೌಕಟ್ಟಿನಲ್ಲಿ ಪ್ರತಿ ಸಲವೂ ತೆಗೆಯಿರಿ. ನನ್ನದು ಒಂದು ಕಾಂಡ್ಲಾ ಗಿಡ. ಬಲೆ ಬೀಸಲು ಬರುವ ಒಬ್ಬರು ಅಣ್ಣ ಒಂದು ತಿಂಗಳು ಸುಮ್ಮನಿದ್ದು ಆಮೇಲೆ ಕೇಳಿಯೇಬಿಟ್ಟರು: "ಎಂತ ಮಾರಾಯ್ರೆ, ದಿನಾ ಅದೇ ಮರದ್ದು ಫೋಟೋ ತೆಗೀತೀರಿ? ಮರ ಓಡಿ ಹೋಗ್ತದಾ?"

ನಡುವೆ ಒಂದು ಎಚ್ಚರಿಕೆ: ಆಟಿಯಲ್ಲಿ ಕ್ಯಾಮೆರಾ

ಹುರುಪು ಬಂದ ಮೇಲೆ ಕ್ಯಾಮೆರಾ ಕೊಳ್ಳುವ ಆಸೆ ಬರುತ್ತದೆ. ನಾನೂ ಸೆಕೆಂಡ್ ಹ್ಯಾಂಡ್ ಒಂದು ಕೊಂಡೆ, ಲೆನ್ಸ್ ಸಮೇತ. ಮಳೆ ಹಿಡಿಯಿತು ಎಂದು ಅದರದೇ ಬಟ್ಟೆಚೀಲದಲ್ಲಿ ಹಾಕಿ ಕಪಾಟಿನೊಳಗಿಟ್ಟೆ. ಆಟಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳು, ಕಳೆದು ತೆಗೆದರೆ ಗಾಜಿನ ಒಳಗೆ ಜೇಡನ ಬಲೆಯಂತೆ ಬೂಷ್ಟು. ಬಿಚ್ಚಿ ಶುಚಿ ಮಾಡುವ ಖರ್ಚು ಕೇಳಿ ಹಾಗೇ ವಾಪಸ್ ತಂದೆ.

ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಊರು ನಮ್ಮದು. ಬಟ್ಟೆಚೀಲ, ಚರ್ಮದ ಕವರ್ ಎರಡೂ ತೇವ ಹಿಡಿದಿಡುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹರಳಿನ ಬಣ್ಣ ಬದಲಾದರೆ ತೇವ ಕುಡಿದಿದೆ ಎಂದರ್ಥ, ಬದಲಾಯಿಸಿ. ಅಕ್ಕಿ ಡಬ್ಬದಲ್ಲಿ ಇಡುವ ಉಪಾಯ ಬೇಡ, ಅಕ್ಕಿಯ ಹುಡಿ ಸಂದಿಗೆಲ್ಲ ಹೋಗುತ್ತದೆ. ಇನ್ನೂ ಒಳ್ಳೆಯ ಉಪಾಯ, ವಾರಕ್ಕೊಮ್ಮೆ ಹೊರತೆಗೆದು ಬಳಸುವುದು. ನನ್ನ ಕೇಳಿದರೆ ಮೊದಲ ವರ್ಷ ಫೋನಿನಲ್ಲೇ ಕಳೆಯಿರಿ.

ಹೆಜ್ಜೆ 4: ರಾತ್ರಿಯ ಹದಿನೈದು ನಿಮಿಷ

ಊಟವಾದ ಮೇಲೆ ಹನ್ನೆರಡನ್ನೂ ನೋಡಿ, ಮೂರು ಉಳಿಸಿ, ಉಳಿದವನ್ನು ಅಳಿಸಿ. ಕಷ್ಟವಾಗುತ್ತದೆ, ಆದರೂ ಅಳಿಸಿ. ಆ ಮೂರನ್ನು ಅವತ್ತೇ ಸ್ಟೇಟಸ್‌ಗೆ ಹಾಕಬೇಡಿ. ಹಾಕಿದರೆ ಏಡಿ ಹೋಗಿ ಎಷ್ಟು ಜನ ನೋಡಿದರು ಎಂಬ ಲೆಕ್ಕ ಬರುತ್ತದೆ, ನನ್ನಂಥವನಿಗೆ ಅದು ಇನ್ನೊಂದು ಲೆಡ್ಜರ್. ಒಂದು ವಾರ ಕಳೆದು ಹಾಕಿ, ಆಗ ಆ ಚಪಲ ಅರ್ಧ ಇಳಿದಿರುತ್ತದೆ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು: ದಿನಾಂಕ, ಉಬ್ಬರವೋ ಇಳಿತವೋ, ಗಾಳಿ ಯಾವ ಕಡೆಯದು, ಇವತ್ತು ಹೊಸದಾಗಿ ಕಂಡದ್ದು ಏನು. ಕೊನೆಯಲ್ಲಿ ಒಂದು ಪ್ರಶ್ನೆ. ಈ ಪ್ರಶ್ನೆಯೇ ಫೋಟೋದಿಂದ ಪುಸ್ತಕಕ್ಕೆ ಹೋಗುವ ತೂಗುಸೇತುವೆ.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ಕಾಂಡ್ಲಾದ ಫೋಟೋಗಳನ್ನು ಒಂದು ರಾತ್ರಿ ಒಟ್ಟಿಗೆ ನೋಡುವಾಗ, ಕೊಂಬೆಯಲ್ಲಿ ನೇತಾಡುತ್ತಿದ್ದ ಹಸಿರು ಕೋಲುಗಳು ಕಣ್ಣಿಗೆ ಬಿದ್ದವು. ನುಗ್ಗೆಕಾಯಿಯಷ್ಟು ದಪ್ಪ, ಒಂದು ಅಡಿಗಿಂತ ಉದ್ದ, ತುದಿ ಚೂಪು. ಕಾಯಿ ಎಂದುಕೊಂಡಿದ್ದೆ. ಆದರೆ ಹಳೆಯ ಫೋಟೋಗಳಲ್ಲಿ ಮೇಲೆ ಒಂದು ಪುಟ್ಟ ಕಂದು ಕಾಯಿ ಇತ್ತು, ಕೋಲು ಇರಲಿಲ್ಲ. ವಾರ ಕಳೆದಂತೆ ಆ ಕಾಯಿಯ ಕೆಳತುದಿಯಿಂದ ಹಸಿರು ಕೋಲು ಹೊರಟು ಉದ್ದವಾಗುತ್ತಿತ್ತು. ಹಾಗಾದರೆ ಕಾಯಿ ಯಾವುದು, ಕೋಲು ಯಾವುದು? ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದೆ.

ಉತ್ತರ ಓದಿ ತಿಳಿದಾಗ ಎದ್ದು ಕುಳಿತೆ. ಈ ಜಾತಿಯ ಕಾಂಡ್ಲಾದಲ್ಲಿ ಬೀಜ ತಾಯಿಮರದ ಮೇಲೇ ಮೊಳೆಯುತ್ತದೆ. ಉಪ್ಪು ನೀರು, ದಿನಕ್ಕೆರಡು ಸಲ ಎಳೆದೊಯ್ಯುವ ಇಳಿತ; ಇಂಥ ಕಡೆ ಬೀಜ ಬಿದ್ದು, ಬೇರು ಬಿಟ್ಟು, ನಿಲ್ಲುವಷ್ಟು ಪುರುಸೊತ್ತಿಲ್ಲ. ಅದಕ್ಕೆ ಮರ ತನ್ನ ಮಗುವನ್ನು ಅಷ್ಟೆತ್ತರ ಬೆಳೆಸಿಯೇ ಕೆಳಗೆ ಬಿಡುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನೆಟ್ಟಗೆ ನಾಟಿಕೊಳ್ಳಬಹುದು. ಉಬ್ಬರದಲ್ಲಿ ಬಿದ್ದರೆ ತೇಲುತ್ತಾ ಹೋಗಿ ಎಲ್ಲೋ ದೂರದ ದಂಡೆ ಹಿಡಿಯಬಹುದು. ನಾನು ಕಾಯಿ ಎಂದುಕೊಂಡದ್ದು ಗಿಡ.

ಮಾರನೇ ದಿನ ಬಲೆಯ ಅಣ್ಣನಿಗೆ ದೊಡ್ಡ ಸುದ್ದಿಯಂತೆ ಹೇಳಿದೆ. ಅವರು ಬಲೆಯಿಂದ ಕಸ ಬಿಡಿಸುತ್ತಾ, "ಅದೆಂತ ಪುಸ್ತಕದಲ್ಲಿ ಬರ್ದದ್ದಾ? ನಾವು ಸಣ್ಣದಿರುವಾಗಲೇ ಅದನ್ನು ಕೆಸರಿಗೆ ಚುಚ್ಚಿ ಆಡ್ತಿದ್ದದ್ದು. ನಿಮ್ಮ ಎದುರಿದ್ದದ್ದೂ ಹಾಗೆ ಚುಚ್ಚಿದ್ದೇ ಇರಬೇಕು" ಎಂದರು.

ಹೆಜ್ಜೆ 5: ಪುಸ್ತಕದ ಸರದಿ

ಓದುವ ಅಭ್ಯಾಸ ತಪ್ಪಿಹೋದವರು ದಪ್ಪ ಕಾದಂಬರಿಯಿಂದ ಶುರು ಮಾಡಿ ಐವತ್ತನೇ ಪುಟದಲ್ಲಿ ಸೋಲುತ್ತಾರೆ. ಪ್ರಶ್ನೆಯಿಂದ ಶುರು ಮಾಡಿ. ಪ್ರಶ್ನೆ ಇದ್ದವನಿಗೆ ಒಂದು ಅಧ್ಯಾಯ ಸಾಕು, ಒಂದು ಪುಟವೂ ಸಾಕಾಗಬಹುದು. ಫೋನಿನಲ್ಲೇ ಉತ್ತರ ಸಿಗುವುದಿಲ್ಲವೇ? ಸಿಗುತ್ತದೆ, ಎರಡು ನಿಮಿಷದಲ್ಲಿ. ಮೂರನೇ ನಿಮಿಷದಲ್ಲಿ ನೀವು ಯಾರದೋ ಅಡುಗೆ ವಿಡಿಯೋ ನೋಡುತ್ತಿರುತ್ತೀರಿ.

ಗ್ರಂಥಾಲಯಕ್ಕೆ ಹೋಗಿ. ಮಂಗಳೂರಿನಲ್ಲಿ ಬಾವುಟಗುಡ್ಡೆಯದ್ದಿದೆ, ಉಡುಪಿಯಲ್ಲೂ ಸರಕಾರದ್ದಿದೆ. ಸದಸ್ಯತ್ವದ ಖರ್ಚು ಒಂದು ಹೊತ್ತಿನ ಹೊಟೇಲು ಬಿಲ್ಲಿಗಿಂತ ಕಡಿಮೆ. ಸಸ್ಯ, ಪಕ್ಷಿ, ಕಡಲು ಎಂದು ಕೇಳಿ. ಧೂಳು ಹಿಡಿದ ಕಪಾಟು ತೋರಿಸಿದರೆ ಬೇಜಾರಾಗಬೇಡಿ, ಬೇಕಾದದ್ದು ಹೆಚ್ಚಾಗಿ ಅಲ್ಲೇ ಇರುತ್ತದೆ. ಉಲ್ಲೇಖ ವಿಭಾಗದಲ್ಲಿ ಕಿಟ್ಟೆಲ್ ನಿಘಂಟು ಇದ್ದರೆ ಒಮ್ಮೆ ಕೈಯಲ್ಲಿ ಹಿಡಿಯಿರಿ. 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ. ಸುಮಾರು 70,000 ಪದಗಳು. ಮರ, ಹಕ್ಕಿ, ಮೀನಿನ ಹಳೆ ಹೆಸರುಗಳನ್ನು ಹುಡುಕುತ್ತಾ ಕುಳಿತರೆ ಒಂದು ಮಧ್ಯಾಹ್ನ ಹೋದದ್ದೇ ತಿಳಿಯುವುದಿಲ್ಲ.

ಹೆಸರಿನ ಬಾಲ ಹಿಡಿದು ಹೋಗುವುದರಲ್ಲಿ ಒಂದು ರುಚಿಯಿದೆ. ಕಾಂಡ್ಲಾದ ಒಂದು ಜಾತಿಗೆ ಸಸ್ಯಶಾಸ್ತ್ರದ ಹೆಸರು ಕಾಂಡೇಲಿಯ. ಲ್ಯಾಟಿನ್ ಇರಬೇಕು ಎಂದುಕೊಂಡಿದ್ದೆ. ಅಲ್ಲ, ಮಲಯಾಳದ ಕಾಂಡೇಲ್. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಹೋರ್ಟಸ್ ಮಲಬಾರಿಕಸ್ ಎಂಬ ಗ್ರಂಥದಲ್ಲಿ ಮಲಬಾರಿನ ಗಿಡಗಳಿಗೆ ಅಲ್ಲಿನ ಜನ ಹೇಳುತ್ತಿದ್ದ ಹೆಸರುಗಳೇ ದಾಖಲಾದವು, ಅಲ್ಲಿಂದ ಜಗತ್ತಿಗೆ ಹೋದವು. ನನ್ನ ಕೆಸರಿನ ಗಿಡ ಮತ್ತು ಆ ದೊಡ್ಡ ಹೆಸರು ಅಕ್ಕ-ತಂಗಿಯರು.

ಪ್ರಶ್ನೆಯ ಓದು ಹಿಡಿತಕ್ಕೆ ಬಂದ ಮೇಲೆ ಕೆಲಸವಿಲ್ಲದ ಓದು ತಾನಾಗಿ ಬರುತ್ತದೆ. ನಮ್ಮವರಲ್ಲೇ ಶುರು ಮಾಡಿ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾದಂಬರಿಗಳ ಜೊತೆಗೆ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನದ ದೊಡ್ಡ ಸಂಪುಟಗಳನ್ನು ಬರೆದಿಟ್ಟು ಹೋಗಿದ್ದಾರೆ. ಘಟ್ಟದ ಮೇಲಿನ ಪೂರ್ಣಚಂದ್ರ ತೇಜಸ್ವಿಯವರಂತೂ ಕ್ಯಾಮೆರಾ, ಗಾಳ, ಲೇಖನಿ ಮೂರನ್ನೂ ಹಿಡಿದವರು. ಹಕ್ಕಿಯ ಫೋಟೋ ಮತ್ತು ಪುಸ್ತಕ ಬೇರೆ ಬೇರೆ ಅಲ್ಲ ಎಂಬುದಕ್ಕೆ ಕನ್ನಡದಲ್ಲಿ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಎಷ್ಟು ಓದಬೇಕು? ದಿನಕ್ಕೆ 20 ಪುಟ. ಮನಸ್ಸಿಲ್ಲದ ದಿನ ಎರಡು. ಎಲ್ಲಿ? ಹೊಳೆದಂಡೆಯಲ್ಲಿ ಪುಸ್ತಕ ಹಿಡಿದು ಕುಳಿತ ಚಿತ್ರ ಚಂದ, ಆದರೆ ಗಾಳಿ ಪುಟ ಬಿಡುವುದಿಲ್ಲ, ಬಿಸಿಲಿಗೆ ಕಾಗದ ಕಣ್ಣು ಕುಕ್ಕುತ್ತದೆ, ನಡುವೆ ಮಿಂಚುಳ್ಳಿ ಹಾರಿದರೆ ಸಾಲು ತಪ್ಪುತ್ತದೆ. ನನ್ನ ಮಟ್ಟಿಗೆ ಅಲ್ಲಿ ನೋಡುವುದು, ಮನೆಯ ಜಗಲಿಯಲ್ಲಿ ಓದುವುದು. ಮಳೆಗಾಲದ ಜಗಲಿಗಿಂತ ಒಳ್ಳೆಯ ಓದುಕೋಣೆ ಇನ್ನೂ ಯಾರೂ ಕಟ್ಟಿಲ್ಲ. ಹಂಚಿನ ಮಾಡಿನ ನೀರು ಎದುರಿಗೆ ಪರದೆ ಕಟ್ಟಿರುತ್ತದೆ, ಪಕ್ಕದಲ್ಲಿ ಪತ್ರೊಡೆ, ಕರೆಂಟು ಹೇಗೂ ಇರುವುದಿಲ್ಲ. ಮಂಗಳೂರು-ಉಡುಪಿ ದಿನಾ ಓಡಾಡುವವರಿಗೆ ರೈಲಿನ ಕಿಟಕಿಯೂ ಅಡ್ಡಿಯಿಲ್ಲ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಾತ್ರ ಪ್ರಯತ್ನಿಸಬೇಡಿ, ಪುಸ್ತಕ ಒಂದು ಕಡೆ ನೀವು ಒಂದು ಕಡೆ ಆಗುತ್ತೀರಿ.

ಕಣ್ಣು ಮಂಜಾದ ಅಮ್ಮನೋ ಅಜ್ಜನೋ ಮನೆಯಲ್ಲಿದ್ದರೆ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಅಮ್ಮ ನಡುವೆ ತಡೆದು, "ಅದು ಹಾಗಲ್ಲ, ಆ ಹಕ್ಕಿ ಕೂಗಿದ್ರೆ ಮಳೆ ಬರ್ತದೆ ಅಂತ ನಮ್ಮಲ್ಲಿ ಹೇಳುದು" ಎಂದು ತಿದ್ದುತ್ತಾರೆ. ನೋಟ್‌ಬುಕ್ಕಿನಲ್ಲಿ ಅದಕ್ಕೂ ಜಾಗ ಇದೆ.

ಹೆಜ್ಜೆ 6: ತಿಂಗಳು ನೋಡಿಕೊಂಡು ಮತ್ತೆ ಹೋಗುವುದು

ಓದಿದ್ದನ್ನು ನೋಡಲು ಹೋಗಿ. ಯಾವಾಗ ಏನು ಸಿಗುತ್ತದೆ ಎಂಬ ಅಂದಾಜು ಹೀಗೆ.

ಅಕ್ಟೋಬರ್-ನವೆಂಬರ್‌ನಿಂದ ಕಡಲದಂಡೆ, ಅಳಿವೆಗಳಿಗೆ ವಲಸೆ ಹಕ್ಕಿಗಳು ಬರುತ್ತವೆ. ಕಂದುತಲೆಯ ಕಡಲಕ್ಕಿ ಎಂಬುದೊಂದಿದೆ. ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಇಲ್ಲಿಗೆ ಬಂದಾಗ ಅದರ ತಲೆ ಬೆಳ್ಳಗೆ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಮಾತ್ರ. ಹೆಸರಿಟ್ಟವರಿಗೆ ಕಣ್ಣಿರಲಿಲ್ಲವೇ ಎಂದು ನಾನೂ ನಕ್ಕಿದ್ದೆ. ಅದು ಚಳಿಗಾಲದ ವೇಷ. ವಾಪಸ್ ಹೊರಡುವ ಮಾರ್ಚ್-ಏಪ್ರಿಲ್ ಹೊತ್ತಿಗೆ ಒಂದೊಂದಾಗಿ ತಲೆಗೆ ಕಂದು ಟೊಪ್ಪಿ ಏರುತ್ತದೆ. ಒಂದು ಸಲ ಹೋದವನಿಗೆ ಇದು ಕಾಣುವುದಿಲ್ಲ, ವಾರ ವಾರ ಹೋದವನಿಗೆ ಮಾತ್ರ.

ಡಿಸೆಂಬರ್‌ನಿಂದ ಗೇರುಮರದ ಹೂವಿನ ವಾಸನೆ. ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಿದ್ದರೆ ಆಗಲೇ, ವಾರದ ನಡುವೆ, ಬೆಳಗಿನ ಮೊದಲ ದೋಣಿಯಲ್ಲಿ. ಲಾವಾ ತಣಿದು ಆರು ಮೂಲೆಯ ಕಂಬಗಳಾಗಿ ಬಿರಿದ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಕಡಿದುಕೊಂಡು ಹೋದ ಕಾಲದವು. ಮಳೆಗಾಲದಲ್ಲಿ ದೋಣಿ ಇಲ್ಲ.

ಮೇ ಕೊನೆ, ಜೂನ್ ಮೊದಲ ವಾರ ಮಿಣುಕುಹುಳಗಳದ್ದು. ಟಾರ್ಚ್ ಆರಿಸಿ ನಿಂತರೆ ಸಾಕು. ಫೋಟೋ ಬರುವುದಿಲ್ಲ, ಬಾರದಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುವುದನ್ನು ನೋಡುವುದಿದ್ದರೆ ಆಗ ಮಲ್ಪೆಗೆ ಹೋಗಬಹುದು.

ಆಟಿ ಕಳೆದು ಸೋಣ (ಆಗಸ್ಟ್-ಸೆಪ್ಟೆಂಬರ್) ಬಂದಾಗ ಪದವಿಗೆ ಹೋಗಿ. ಬೇಸಿಗೆಯಲ್ಲಿ ಸುಡುವ ಬೋಳು ಮುರಕಲ್ಲಿನ ಮೇಲೆ ಬೆರಳುದ್ದದ ನೀಲಿ-ನೇರಳೆ ಹೂಗಳ ಹಾಸು. ಅವುಗಳಲ್ಲಿ ಯುಟ್ರಿಕ್ಯುಲೇರಿಯ ಎಂಬ ಗಿಡ ಮಾಂಸಾಹಾರಿ. ಮೇಲೆ ಸಾಧು ಹೂವು, ಕೆಳಗೆ ಒದ್ದೆ ಮಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹೀರಿ ಹಿಡಿಯುತ್ತದೆ. ಬೋಳು ಪದವು ಎಂದು ನಾವು ಕಸ ಸುರಿಯುವುದು ಇವುಗಳ ತಲೆಯ ಮೇಲೆ.

ಮರ್ಯಾದೆಯ ಕೆಲವು ಸಂಗತಿ

ಮಳೆಗಾಲದ ಕಡಲಿಗೆ ಬೆನ್ನು ಹಾಕಿ ಸೆಲ್ಫಿ ಬೇಡ. ಸೋಮೇಶ್ವರದ ರುದ್ರಪಾದೆಯಾಗಲಿ ಕಾಪುವಿನ ಬಂಡೆಯಾಗಲಿ, ಪಾಚಿ ಹಿಡಿದ ಮೇಲೆ ಯಾರ ಪರಿಚಯವೂ ಇಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಕೇಳಿದರೆ ಪದವಿನಿಂದ, ಒಂಟಿ ಮರದ ಬುಡದಿಂದ ಎದ್ದು ಬನ್ನಿ. ಹೊತ್ತು ಮುಳುಗಿದ ಮೇಲೆ ಕಟ್ಟಪುಣಿಯಲ್ಲಿ ನಡೆಯುವಾಗ ಟಾರ್ಚ್ ನೆಲಕ್ಕೆ ಹಿಡಿಯಿರಿ, ಹಾವಿಗೂ ದಾರಿ ಬೇಕು.

ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿ ಕರೆಯಬೇಡಿ. ಗೂಡಿನ ಫೋಟೋ, ಗೂಡಿನ ಜಾಗ ಯಾರಿಗೂ ಕಳಿಸಬೇಡಿ. ಮೀನು ಮಾರುವ, ಮರುವಾಯಿ ಹೆಕ್ಕುವ ಹೆಂಗಸರ ಫೋಟೋ ತೆಗೆಯುವ ಮೊದಲು ಕೇಳಿ. ಬೇಡ ಎಂದರೆ ಮುಗಿಯಿತು. ಭೂತದ ಕೋಲ ನಡೆಯುವಲ್ಲಿ ಕ್ಯಾಮೆರಾ ಬೇಡವೆಂದಿದ್ದರೆ ವಾದ ಮಾಡಬೇಡಿ.

ಚೀಲದಲ್ಲಿ ನೀರು, ಟಾರ್ಚ್, ಪಂಚೆ ತುಂಡು, ನೋಟ್‌ಬುಕ್, ಪೆನ್ಸಿಲ್. ಪೆನ್ನಿನ ಶಾಯಿ ಒದ್ದೆಗೆ ಹರಡುತ್ತದೆ, ಆದ್ದರಿಂದ ಪೆನ್ಸಿಲ್. ಸೊಳ್ಳೆಗೆ ಪೂರ್ತಿ ತೋಳಿನ ಅಂಗಿ.

ಕಳೆದ ವರ್ಷ ನನ್ನ ಕಾಂಡ್ಲಾದಿಂದ ಬಿದ್ದ ಕೋಲುಗಳಲ್ಲಿ ಒಂದು ದೋಣಿಕಟ್ಟೆಯಿಂದ ಮೂರು ಮಾರು ದೂರದಲ್ಲಿ ನಿಂತಿತು. ಅದು ನೆಟ್ಟಗಿಲ್ಲ, ಕುದ್ರುವಿನ ಕಡೆ ಸ್ವಲ್ಪ ವಾಲಿದೆ. ಹನ್ನೆರಡರಲ್ಲಿ ಕಡ್ಡಾಯದ ಒಂದು ಈಗ ಅದರದ್ದು. ತುದಿಯಲ್ಲಿ ಮೊದಲು ಎರಡು ಎಲೆ, ಆಮೇಲೆ ನಾಲ್ಕು. ಮೊನ್ನೆ ಬಲೆಯ ಅಣ್ಣ ದೋಣಿಯನ್ನು ಅದಕ್ಕೆ ತಾಗದಂತೆ ಸುತ್ತು ಹಾಕಿ ತಂದು ಕಟ್ಟಿದರು, ಎಂದೂ ಕಟ್ಟುವ ಜಾಗ ಬಿಟ್ಟು. ಇವತ್ತು ಇಳಿತ ಸಂಜೆ ಐದಕ್ಕಿತ್ತು. ನಾಳೆ ಆರಕ್ಕೆ ಹತ್ತು ನಿಮಿಷ ಇರುವಾಗ.